ಫೇಸ್‌ಪ್ಲೇಟ್ ದೂರ ಒಯ್ಯುವುದಾದರೆ ಮೊದಲು ಪಿನ್ನುಗಳ ಜಾತಿ ನೋಡಿ

ಸರ್, ನೀವು ಬರೆದದ್ದು ಹೀಗಿದೆ: ಜೀಪಿನ ಗ್ಲೌ ಬಾಕ್ಸಿನಲ್ಲಿ ಕಾರ್ ಸ್ಟೀರಿಯೊ ಸೆಟ್, ಕಳಚುವ ಫೇಸ್‌ಪ್ಲೇಟ್ (ಡಿಸ್‌ಪ್ಲೇ, ಬಟನ್ ಇರುವ ಮುಂಭಾಗ) ಮಾತ್ರ ಸ್ಟೀರಿಂಗ್ ಪಕ್ಕ, ನಡುವೆ 60 ಸೆಂ.ಮೀ. ರಿಬ್ಬನ್ ಕೇಬಲ್, 16 ಪಿನ್. ಡಿಸ್‌ಪ್ಲೇ ಬಂತು, ಬಟನ್ ಕೆಲಸ ಮಾಡುತ್ತವೆ. ಪೆನ್‌ಡ್ರೈವ್ ಓದುವುದಿಲ್ಲ, ಆಕ್ಸ್ (ಫೋನಿನ ಹಾಡನ್ನು ವೈರಿನಲ್ಲಿ ಕೊಡುವ ಜಾಕ್) ಹಾಕಿದರೆ ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ಕುಂಯ್ ಎನ್ನುತ್ತದೆ. ಬೆಸುಗೆ ಸರಿ ಇಲ್ಲವೇನೋ ಎಂದು ಕೇಳಿದ್ದೀರಿ. ಬೆಸುಗೆ ಬಿಟ್ಟಿದ್ದರೆ ಡಿಸ್‌ಪ್ಲೇ ಅಥವಾ ಬಟನ್ನೂ ಎಲ್ಲೋ ಒಂದು ಕಡೆ ಕೈಕೊಡುವ ಸಾಧ್ಯತೆ ಹೆಚ್ಚಿತ್ತು. ಇಲ್ಲಿ ಹದಿನಾರು ಪಿನ್ನಿಗೂ ಒಂದೇ ಜಾತಿಯ ವೈರ್ ಎಳೆದದ್ದೇ ತೊಂದರೆ ಎಂದು ಕಾಣುತ್ತದೆ.

ಆ ಕನೆಕ್ಟರಿನಲ್ಲಿ ಹೋಗುವುದು ನಾಲ್ಕು ಬಗೆ. ಗ್ರೌಂಡ್ ಮತ್ತು ಸಪ್ಲೈ (ಐಸಿಗೆ 5 ಅಥವಾ 3.3 ವೋಲ್ಟ್, ಬ್ಯಾಕ್‌ಲೈಟಿಗೆ ಕೆಲವು ಸೆಟ್ಟಿನಲ್ಲಿ 8ರಿಂದ 12 ವೋಲ್ಟ್). ಡಿಸ್‌ಪ್ಲೇ, ಬಟನ್ನುಗಳ ಡೇಟಾ ಮತ್ತು ಕ್ಲಾಕ್. ಯುಎಸ್‌ಬಿಯ ಎರಡು ಡೇಟಾ ವೈರ್. ಆಮೇಲೆ ಆಡಿಯೊ, ಅಂದರೆ ಆಕ್ಸ್ ಎಡ–ಬಲ, ಬ್ಲೂಟೂತ್ ಸೆಟ್ಟಾದರೆ ಮೈಕ್ ಕೂಡ. ಡೇಟಾ–ಕ್ಲಾಕ್ ನಿಧಾನದ ಸಿಗ್ನಲ್, 60 ಸೆಂ.ಮೀ. ರಿಬ್ಬನ್ನಿನಲ್ಲಿ ಸಾಮಾನ್ಯವಾಗಿ ದಾಟುತ್ತದೆ. ಯುಎಸ್‌ಬಿ ಫುಲ್ ಸ್ಪೀಡ್ ಎಂದರೂ ಸೆಕೆಂಡಿಗೆ 12 ಮೆಗಾಬಿಟ್, ಹೈ ಸ್ಪೀಡ್ ಆದರೆ 480. ಅದಕ್ಕೆ ಹೆಣೆದ ಜೋಡಿ ವೈರೇ ಬೇಕು. ಆಡಿಯೊಗೆ ಶೀಲ್ಡ್ ಬೇಕು.

ಇರುವ ರಿಬ್ಬನ್ ಬಿಚ್ಚುವ ಮೊದಲು ಯಾವ ಪಿನ್ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಬ್ಯಾಟರಿ ನೆಗೆಟಿವ್ ಕಳಚಿ, ಮಲ್ಟಿಮೀಟರನ್ನು ಬೀಪ್‌ಗೆ (ಎರಡು ಜಾಗ ಕೂಡಿದ್ದರೆ ಸದ್ದು ಮಾಡುವ ಸ್ಥಾನಕ್ಕೆ) ಇಟ್ಟು ಸೆಟ್ಟಿನ ಲೋಹದ ಮೈಗೂ ಪ್ರತಿ ಪಿನ್ನಿಗೂ ನೋಡಿದರೆ ಗ್ರೌಂಡುಗಳು ಸಿಗುತ್ತವೆ, ಎರಡು–ಮೂರು ಇರಬಹುದು. ಯುಎಸ್‌ಬಿ, ಆಕ್ಸ್ ಪಿನ್ನುಗಳನ್ನು ಫೇಸ್‌ಪ್ಲೇಟ್ ಕಡೆಯಿಂದ ಹುಡುಕಿ: ಸಾಕೆಟ್ಟಿನ ಕಾಲಿನಿಂದ ಕನೆಕ್ಟರಿಗೆ ಬೀಪ್ ನೋಡುವುದು. ನಡುವೆ ಸಣ್ಣ ರೆಸಿಸ್ಟರೋ ಫಿಲ್ಟರೋ ಇದ್ದರೆ ಬೀಪ್ ಬರದೆಯೂ ಹೋದೀತು, ಆಗ ಓಮ್ ರೇಂಜಿನಲ್ಲಿ ನೋಡಿ. ಕೊನೆಗೆ ಕರೆಂಟ್ ಕೊಟ್ಟು ಉಳಿದ ಪಿನ್ನುಗಳ ವೋಲ್ಟೇಜ್ ಬರೆದುಕೊಳ್ಳಿ. ಪ್ರೋಬ್ ತುದಿಗೆ ಸ್ಲೀವ್ ಹಾಕಿ 1 ಮಿ.ಮೀ. ಮಾತ್ರ ಹೊರಗೆ ಬಿಡಿ. ಬ್ಯಾಕ್‌ಲೈಟಿನ 12 ವೋಲ್ಟ್ ಪಕ್ಕದ ಡೇಟಾ ಪಿನ್ನಿಗೆ ಒಮ್ಮೆ ತಾಗಿದರೂ ಮೈಕ್ರೊಕಂಟ್ರೋಲರ್ (ಸೆಟ್ಟನ್ನು ನಡೆಸುವ ಚಿಪ್) ಹೋಯಿತು ಅಂತಲೇ ಲೆಕ್ಕ.

ಈ ಕೆಲಸದಲ್ಲಿ ಸುಲಭವಾಗಿ ಆಗುವ ತಪ್ಪು ಕನ್ನಡಿ ತಪ್ಪು. ಕನೆಕ್ಟರನ್ನು ಮುಂದಿನಿಂದ ನೋಡಿದಾಗ ಎಡಕ್ಕಿರುವ 1ನೇ ಪಿನ್, ಬೋರ್ಡ್ ಮಗುಚಿ ಬೆಸುಗೆ ಹಾಕುವಾಗ ಬಲಕ್ಕೆ ಬರುತ್ತದೆ. ಎರಡು ಸಾಲಿನ ಕನೆಕ್ಟರಾದರೆ ಗೊಂದಲ ಇನ್ನೂ ಜಾಸ್ತಿ. ಎರಡೂ ಬೋರ್ಡಿನಲ್ಲಿ 1ನೇ ಪಿನ್ನಿನ ಪಕ್ಕ, ಬೆಸುಗೆ ಹಾಕುವ ಬದಿಯಲ್ಲೇ, ಮಾರ್ಕರಿನಿಂದ ಚುಕ್ಕೆ ಇಡಿ. ರಿಬ್ಬನ್ನಿನ ಕೆಂಪು ಅಂಚು ಆ ಚುಕ್ಕೆಗೇ ಬರಬೇಕು.

ಫೋಟೊದಲ್ಲಿ ನೋಡಿದರೆ ಸೆಟ್ಟಿನ ಕಡೆ ನೀವು ಸ್ಪ್ರಿಂಗ್ ಪಿನ್ನುಗಳ ಮೇಲೆಯೇ ಬೆಸುಗೆ ಹಾಕಿದ ಹಾಗಿದೆ. ಅದು ಬೇಡ. ಲೆಡ್ (ಬೆಸುಗೆಯ ತಂತಿ) ಕರಗಿ ಸ್ಪ್ರಿಂಗಿನೊಳಗೆ ಹರಿದು ಅದು ಬಿಗಿಯಾಗುತ್ತದೆ, ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ವಾಲುತ್ತದೆ, ಇನ್ನು ಫೇಸ್‌ಪ್ಲೇಟನ್ನು ನೇರವಾಗಿ ಸಿಕ್ಕಿಸಲು ಆಗುವುದಿಲ್ಲ. ಬೋರ್ಡಿನ ಹಿಂಬದಿಯಲ್ಲಿ ಕನೆಕ್ಟರಿನ ಕಾಲುಗಳು ಹೊರಬರುವ ಕಡೆ ಹಾಕಿ. ಅದಕ್ಕಿಂತ ಒಳ್ಳೆಯ ದಾರಿ, ಅದೇ ಮಾಡೆಲ್ಲಿನ ಕೆಟ್ಟ ಸೆಟ್ ಗುಜರಿಯಲ್ಲಿ ಹುಡುಕುವುದು. ಅದರ ಮುಂಭಾಗವನ್ನು ಕನೆಕ್ಟರ್, ಲಾಚ್ ಸಮೇತ ಕತ್ತರಿಸಿ ಡ್ಯಾಶಿಗೆ ಕೂರಿಸಿ, ವೈರುಗಳನ್ನು ಆ ಕನೆಕ್ಟರಿಗೆ ಜೋಡಿಸಿದರೆ ನಿಮ್ಮ ಫೇಸ್‌ಪ್ಲೇಟಿಗೆ ಸಾಲ್ಡರಿಂಗ್ ಐರನ್ ತಾಗಿಸುವುದೇ ಬೇಕಿಲ್ಲ. ಮೇಲಾಗಿ ಓಪನ್ ಜೀಪ್ ನಿಲ್ಲಿಸಿ ಹೋಗುವಾಗ ಕಳಚಿ ಜೇಬಿಗೆ ಹಾಕಿಕೊಳ್ಳಬಹುದು.

ಐರನ್ ಬಗ್ಗೆ. 25 ವ್ಯಾಟಿನ ಸಾದಾ ಐರನ್ನಿನಲ್ಲಿ ಆಗದೇ ಇಲ್ಲ, ಆದರೆ ಟೆಂಪರೇಚರ್ ಕಂಟ್ರೋಲ್ ಇರುವುದರಲ್ಲಿ 330 ಡಿಗ್ರಿ ಸೆ. ಇಟ್ಟರೆ ಕೈ ಹಗುರ. ತುದಿ 0.8 ಮಿ.ಮೀ. ಚಪ್ಪಟೆ. ಲೆಡ್ 0.5 ಅಥವಾ 0.6 ಮಿ.ಮೀ., 63/37 (63 ಪಾಲು ತವರ, 37 ಪಾಲು ಸೀಸ). ಇದು 183 ಡಿಗ್ರಿಯಲ್ಲಿ ಕರಗಿ ಅದೇ ಡಿಗ್ರಿಯಲ್ಲಿ ಗಟ್ಟಿಯಾಗುವುದರಿಂದ, ಆರುವಾಗ ವೈರ್ ಅಲುಗಿ ಬೆಸುಗೆ ಮಂಕಾಗುವುದು ಕಡಿಮೆ. ರೋಸಿನ್ ಫ್ಲಕ್ಸ್ ಮಾತ್ರ, ನಲ್ಲಿ ಪೈಪಿಗೆ ಬಳಸುವ ಆ್ಯಸಿಡ್ ಪೇಸ್ಟ್ ಬೋರ್ಡಿನ ಹತ್ತಿರ ಸುಳಿಯಬಾರದು.

ಒಂದು ಕಾಲಿಗೆ ಹೀಗೆ: ವೈರಿನ ತುದಿ 2 ಮಿ.ಮೀ. ಮಾತ್ರ ಸುಲಿದು, ಎಳೆಗಳನ್ನು ಹೊಸೆದು, ತೆಳುವಾಗಿ ಲೆಡ್ ಹಿಡಿಸಿ. ಕಾಲಿನ ಮೇಲೆ ಚೂರು ಫ್ಲಕ್ಸ್. ವೈರನ್ನು ಕಾಲಿಗೆ ಒರಗಿಸಿ ಐರನ್ ತಾಗಿಸಿ, ಹಳೆಯ ಲೆಡ್ ಮಿನುಗಿ ಎರಡೂ ಕೂಡಿಕೊಂಡದ್ದು ಕಾಣುತ್ತಲೇ ತೆಗೆಯಿರಿ. ಎರಡು ಸೆಕೆಂಡ್ ಸಾಕು. ಐರನ್ ತೆಗೆದ ಮೇಲೂ ವೈರ್ ಹಿಡಿದ ಕೈ ಮೂರು ಎಣಿಸುವವರೆಗೆ ಅಲುಗಬಾರದು. ಒಂದರ ಪಕ್ಕ ಒಂದು ಹಾಕುತ್ತ ಹೋಗಬೇಡಿ, ಒಂದು ಬಿಟ್ಟು ಒಂದು ಹಾಕಿ, ಪ್ಲಾಸ್ಟಿಕ್ಕಿಗೆ ಬಿಸಿ ಒಂದೇ ಕಡೆ ಸೇರುವುದಿಲ್ಲ. ಕೊನೆಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಭೂತಗನ್ನಡಿಯಲ್ಲಿ ಕಾಲುಗಳ ನಡುವೆ ಲೆಡ್ಡಿನ ಕೂದಲೆಳೆ ಇದೆಯೇ ನೋಡಿ.

ಈಗ ವೈರುಗಳು. ಡೇಟಾ–ಕ್ಲಾಕಿಗೆ 28 ಎಡಬ್ಲ್ಯೂಜಿ (ವೈರಿನ ದಪ್ಪದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ವೈರ್ ಸಣ್ಣ), 1.27 ಮಿ.ಮೀ. ಪಿಚ್ಚಿನ ರಿಬ್ಬನ್ ಇರಲಿ, ಆದರೆ ಸಿಗ್ನಲ್ ವೈರುಗಳ ನಡುವೆ ಒಂದೊಂದು ಗ್ರೌಂಡ್ ವೈರ್ ಬರಲಿ. ಐದು ಸಿಗ್ನಲ್ಲಿಗೆ ಆರು ಗ್ರೌಂಡ್, ಒಟ್ಟು ಹನ್ನೊಂದು ವೈರ್. ಹಳೆಯ ಕಂಪ್ಯೂಟರಿನ 40 ವೈರಿನ ಹಾರ್ಡ್‌ಡಿಸ್ಕ್ ಕೇಬಲ್ ಇದೇ ಜಾತಿ, ಆದರೆ ಸಾಮಾನ್ಯವಾಗಿ 45 ಸೆಂ.ಮೀ. ಒಳಗೇ ಇರುತ್ತದೆ. ಎರಡು ತುಂಡು ಸೇರಿಸಿ ನಡುವೆ ಹನ್ನೊಂದು ಗಂಟು ಹಾಕುವ ಬದಲು ಬೆಂಗಳೂರಿನ ಎಸ್.ಪಿ. ರೋಡಿನಂಥ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಡೆ ಮೀಟರ್ ಲೆಕ್ಕದಲ್ಲಿ ತನ್ನಿ. ಲ್ಯಾನ್ ಕೇಬಲ್ ಬಳಸುವವರಿದ್ದಾರೆ. ಗೋಡೆಯೊಳಗೆ ಹಾಕುವ ಒಂಟಿ ಕಂಬಿಯ ಜಾತಿ ಜೀಪಿನ ಅಲುಗಾಟಕ್ಕೆ ಮುರಿಯುತ್ತದೆ, ಎಳೆಎಳೆಯ ಪ್ಯಾಚ್ ಕಾರ್ಡ್ ಆದೀತು.

ಸಪ್ಲೈ ಮತ್ತು ಅದರ ಗ್ರೌಂಡಿಗೆ ರಿಬ್ಬನ್ ಬೇಡ, 24 ಎಡಬ್ಲ್ಯೂಜಿ ಬೇರೆ ಎಳೆಯಿರಿ. ಲೆಕ್ಕ ನೋಡಿ: 28ರದ್ದು ಮೀಟರಿಗೆ ಸುಮಾರು 0.21 ಓಮ್. ಹೋಗಿಬರುವ 1.2 ಮೀಟರಿಗೆ ಕಾಲು ಓಮ್. ಬ್ಯಾಕ್‌ಲೈಟ್, ಬಟನ್ನಿಗೆ ಇದು ಏನೂ ಅಲ್ಲ. ಆದರೆ ಮುಂದಿನ ಯುಎಸ್‌ಬಿಯಲ್ಲಿ ಫೋನ್ 1 ಆಂಪಿಯರ್ ಎಳೆದರೆ ಕಾಲು ವೋಲ್ಟ್ ಅಲ್ಲೇ ಹೋಯಿತು. ಅದರಲ್ಲಿ ಅರ್ಧ ಬೀಳುವುದು ಗ್ರೌಂಡ್ ವೈರಿನಲ್ಲಿ, ಆಕ್ಸಿಗೂ ಅದೇ ಗ್ರೌಂಡ್ ಆದ್ದರಿಂದ ಅದು ಸ್ಪೀಕರಿನಲ್ಲಿ ಕೇಳಿಸುತ್ತದೆ. ಫೇಸ್‌ಪ್ಲೇಟ್ ಕಡೆ 5 ವೋಲ್ಟಿಗೂ ಗ್ರೌಂಡಿಗೂ 47 ಮೈಕ್ರೊಫ್ಯಾರಡ್, 0.1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಒಂದೊಂದು ಹಾಕಿ.

ಯುಎಸ್‌ಬಿಗೆ ಒಳ್ಳೆಯದೊಂದು ಕೇಬಲ್ ಕತ್ತರಿಸಿ. ಕೆಂಪು 5 ವೋಲ್ಟ್, ಬಿಳಿ ಡಿ ಮೈನಸ್, ಹಸಿರು ಡಿ ಪ್ಲಸ್, ಕಪ್ಪು ಗ್ರೌಂಡ್. ಅಗ್ಗದ ಕೇಬಲ್ಲಿನಲ್ಲಿ ಬಣ್ಣ ನಂಬಬೇಡಿ, ಬೀಪ್ ನೋಡಿ. ಬಿಳಿ–ಹಸಿರು ಹೆಣೆದದ್ದನ್ನು ತುದಿಯಲ್ಲಿ 10 ಮಿ.ಮೀ.ಗಿಂತ ಹೆಚ್ಚು ಬಿಚ್ಚಬೇಡಿ. ನನ್ನ ಸಲಹೆ ಕೇಳಿದರೆ ಫೇಸ್‌ಪ್ಲೇಟಿನ ಯುಎಸ್‌ಬಿಯನ್ನೇ ಬಿಟ್ಟು, ಸೆಟ್ಟಿನ ಬೋರ್ಡಿನಿಂದ ನೇರವಾಗಿ ಡ್ಯಾಶಿನಲ್ಲೊಂದು ಸಾಕೆಟ್ ಕೊಡಿ. ಹಾಗೆ ಮಾಡಿದರೆ ರಿಬ್ಬನ್ನಿನಲ್ಲಿರುವ ಹಳೆಯ ಎರಡು ಡೇಟಾ ವೈರ್ ಕತ್ತರಿಸಲೇಬೇಕು, ಸುಮ್ಮನೆ ನೇತಾಡುವ ವೈರ್ ಸಿಗ್ನಲ್ ಕೆಡಿಸುತ್ತದೆ.

ಆಕ್ಸಿಗೆ ಎರಡು ಕೋರಿನ ಶೀಲ್ಡೆಡ್ ಮೈಕ್ ಕೇಬಲ್. ಆಕ್ಸ್ ಗ್ರೌಂಡಿಗೆ ಬೇರೆ ಪಿನ್ ಇದ್ದರೆ ಶೀಲ್ಡ್ ಅದಕ್ಕೇ, ಇನ್ನಾವ ಗ್ರೌಂಡಿಗೂ ಸೇರಿಸಬೇಡಿ. ಇದೆಲ್ಲದಕ್ಕೆ ಮೊದಲು ಒಂದು ಪರೀಕ್ಷೆ: ಫೋನನ್ನು ಚಾರ್ಜರಿನಿಂದ ತೆಗೆದು ಆಕ್ಸ್ ಕೇಳಿ. ಕುಂಯ್ ನಿಂತರೆ ಅದು ಚಾರ್ಜರ್ ಮೂಲಕ ಬರುವ ಗ್ರೌಂಡ್ ಲೂಪ್ (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆಗುವ ಸದ್ದು). ಅದಕ್ಕೆ ಆಕ್ಸ್ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಬೇಕೇ ಹೊರತು ವೈರ್ ಬದಲಾಯಿಸಿ ಪ್ರಯೋಜನವಿಲ್ಲ.

ಜೀಪಿನಲ್ಲಿ ವೈರ್ ಮುರಿಯುವುದು ಬೆಸುಗೆಯಲ್ಲಲ್ಲ, ಲೆಡ್ ಒಳಗೆ ಹೀರಿ ಬಿರುಸಾದ ಭಾಗ ಮುಗಿಯುವ ಜಾಗದಲ್ಲಿ. ಆದ್ದರಿಂದ ಬೆಸುಗೆಯಿಂದ 15–20 ಮಿ.ಮೀ.ವರೆಗೆ ವೈರನ್ನು ಬೋರ್ಡಿಗೆ ಅಂಟಿಸಿ. ಗ್ಲೂ ಗನ್ ಅಂಟು ಬಿಸಿಲಿಗೆ ಕಾದ ಡ್ಯಾಶಿನಲ್ಲಿ ಮೆತ್ತಗಾಗಿ ಬಿಡುತ್ತದೆ. ಹುಳಿ ವಿನೆಗರ್ ವಾಸನೆಯ ಸಿಲಿಕೋನ್ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದ ಸಿಲಿಕೋನ್ ಕೇಳಿ ತನ್ನಿ.

ಮುಗಿದ ಮೇಲೆ ತುದಿಯಿಂದ ತುದಿಗೆ ಪ್ರತಿ ವೈರ್, ಆಮೇಲೆ ಅಕ್ಕಪಕ್ಕದ ಪ್ರತಿ ಜೋಡಿ ಬೀಪ್ ನೋಡಿ. ಜೋಡಿಗಳಲ್ಲಿ ಗ್ರೌಂಡ್–ಗ್ರೌಂಡ್ ಬಿಟ್ಟು ಬೇರೆಲ್ಲೂ ಬೀಪ್ ಬರಬಾರದು. ಮೊದಲ ಸಲ ಕರೆಂಟ್ ಕೊಡುವಾಗ ಹಳದಿ ವೈರಿನ (ಬ್ಯಾಟರಿಯಿಂದ ಸದಾ ಕರೆಂಟ್ ತರುವುದು) ಫ್ಯೂಸ್ ಜಾಗದಲ್ಲಿ 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಹಾಕಿ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸೆಟ್ ಉಳಿಯುತ್ತದೆ. ಡಿಸ್‌ಪ್ಲೇಯಲ್ಲಿ ಅಕ್ಷರ ಕಲಸಿದರೆ ಕ್ಲಾಕ್ ವೈರಿಗೆ ಸೆಟ್ಟಿನ ಕಡೆ 100 ಓಮ್ ಸರಣಿಯಲ್ಲಿ ಹಾಕಿ ನೋಡಿ. ಸೆಟ್ ಆನ್ ಆಗದೇ ಇದ್ದರೆ, ಫೇಸ್‌ಪ್ಲೇಟ್ ಕೂತಾಗ ಒತ್ತಿಕೊಳ್ಳುವ ಸಣ್ಣ ಸ್ವಿಚ್ ಸೆಟ್ಟಿನ ಮೂತಿಯಲ್ಲಿದೆಯೇ ನೋಡಿ, ಅದನ್ನು ಕಾಯಂ ಒತ್ತಿ ಹಿಡಿಸಬೇಕಾಗುತ್ತದೆ.

ಗ್ಲೌ ಬಾಕ್ಸಿನೊಳಗೆ ಹೀಟ್‌ಸಿಂಕ್ ಬದಿಗೆ ಬಟ್ಟೆ, ಕಾಗದ ತಾಗದಂತೆ ಎರಡು ಬೆರಳು ಜಾಗ ಬಿಡಿ. ಸಿಡಿ ಇದ್ದರೆ ಸೆಟ್ಟಿನ ಓರೆ 30 ಡಿಗ್ರಿ ಮೀರದಿರಲಿ.

ನಡುವೆ ಯಾರೋ ಕೇಳಿಯೇ ಕೇಳುತ್ತಾರೆ, ಹವ್ಯಾಸಿಗಳ ಹ್ಯಾಮ್ ರೇಡಿಯೊ ಸೆಟ್ಟಿಗೆ ಮುಖ ದೂರ ಇಡಲು ಉದ್ದದ ಸೆಪರೇಶನ್ ಕೇಬಲ್ ಕೊಡುವುದಿಲ್ಲವೇ ಎಂದು. ಯಾಎಸು ಎಫ್‌ಟಿ-857ರಂಥವನ್ನು ಮುಖ ಬೇರೆ ಇಡಲು ಆಗುವಂತೆಯೇ ಮಾಡಿದ್ದರು, ಕಾರ್ ಸ್ಟೀರಿಯೊದಲ್ಲಿ ಆ ದೂರಕ್ಕೆ ಆಸೆಪಡಬೇಡಿ. ಇನ್ನು ನಿಮಗೆ ಬೇಕಿರುವುದು ವಾಲ್ಯೂಮ್, ಟ್ರ್ಯಾಕ್ ಬಟನ್ ಮಾತ್ರ ಆದರೆ ಮೊದಲು ಸೆಟ್ಟಿನ ಹಿಂದೆ ವೈರ್ಡ್ ರಿಮೋಟ್ ಜಾಕ್ ಇದೆಯೇ ನೋಡಿ. ಇದ್ದರೆ ಐರನ್ ಬಿಸಿ ಮಾಡುವುದೇ ಬೇಡ.