ದಿನಾ ಪೂಜೆ ಮಾಡಿದರೂ ಬೇರೆಯವರ ಏಳಿಗೆ ನೋಡಿ ಹೊಟ್ಟೆ ಉರಿಯುತ್ತೆ, ಏನು ಮಾಡಲಿ?

ಜೊತೆಯಲ್ಲಿ ಓದಿದವರೆಲ್ಲ ಮನೆ, ಕಾರು ಮಾಡಿಕೊಂಡಿದ್ದಾರೆ, ದೇವರು ಕೊಟ್ಟಿದ್ದರಲ್ಲಿ ತೃಪ್ತಿಯಾಗಿರೋದು ನಿಜವಾಗಲೂ ಆಗುತ್ತಾ ಅಂತ ಕೇಳಿದ್ದೀರಿ. ನಾನು ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಹೊಟ್ಟೆಕಿಚ್ಚಿನ ಲೆಕ್ಕವೂ ಚೆನ್ನಾಗಿ ಗೊತ್ತು, ಅದಕ್ಕೇ ಬರೀತಿದ್ದೇನೆ.

ಹೋದ ವರ್ಷ ಚಿಕ್ಕಪ್ಪನ ಮಗನ ಮನೆ ಗೃಹಪ್ರವೇಶ. ನನಗಿಂತ ಆರು ವರ್ಷ ಚಿಕ್ಕವನು. ಎಲ್ಲರೂ ಕೈಮುಗಿದು ನಿಂತಿದ್ದರು, ನಾನೂ ನಿಂತಿದ್ದೆ. ಕಣ್ಣು ಮಾತ್ರ ನೆಲದ ಮೇಲೆ. ಗ್ರಾನೈಟ್ ಚದರ ಅಡಿಗೆ ಎಷ್ಟಾಗಿರಬಹುದು, ಹಾಲ್ ಎಷ್ಟು ಅಡಿ ಇದೆ, ಹೀಗೆ. ಮಂಗಳಾರತಿ ತಟ್ಟೆ ಮುಂದೆ ಬಂದಾಗ ನಾನಿನ್ನೂ ಗುಣಾಕಾರದಲ್ಲಿದ್ದೆ. "ಅಣ್ಣಾ, ಮ್ಯಾಲೆ ಹೋಗಿ ನೋಡ್ ಬಾ" ಅಂತ ಅವನು ಪ್ರೀತಿಯಿಂದಲೇ ಕರೆದ. ಮಂಡಿ ನೋವು ಅಂದೆ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ, ಎರಡು ತಿಂದೆ. ಮನೆಗೆ ಬಂದು ನಲ್ಲಿ ಸೋರುತ್ತಿದೆ ಅಂತ ಹೆಂಡತಿ ಮೇಲೆ ರೇಗಿದೆ. ಆ ನಲ್ಲಿ ನಾಲ್ಕು ತಿಂಗಳಿಂದ ಸೋರುತ್ತಿತ್ತು.

ಆ ರಾತ್ರಿ ದೇವರ ಮುಂದೆ ಕೂತಾಗ ಬಾಯಿಗೆ ಬಂದದ್ದು "ನನಗೂ ಕೊಡು" ಅಂತಲ್ಲ. "ಅವನಿಗ್ಯಾಕೆ ಕೊಟ್ಟೆ?" ಅಂತ. ಇಷ್ಟು ವರ್ಷ ಇಟ್ಟ ವಿಭೂತಿ, ಹಚ್ಚಿದ ದೀಪ ಎಲ್ಲ ಸಾಲದ ಪುಸ್ತಕದಲ್ಲಿ ಬರೆದಿಟ್ಟ ಹಾಗೆ ಇಟ್ಟುಕೊಂಡಿದ್ದೆ ಅಂತ ಆಗ ಗೊತ್ತಾಯಿತು.

ಇಂಥ ಹೊತ್ತಲ್ಲಿ ಎಲ್ಲರೂ ಹೇಳೋದು ಒಂದೇ, "ನಿನಗಿಂತ ಕೆಳಗಿನವರನ್ನ ನೋಡಿ ಸಮಾಧಾನ ಮಾಡ್ಕೋ." ನನಗೆ ಈ ಮಾತು ಹಿಡಿಸಲ್ಲ. ಮೇಲೆ ನೋಡಿದರೂ ಕೆಳಗೆ ನೋಡಿದರೂ ಹೋಲಿಕೆ ಹೋಲಿಕೆಯೇ. ಬೇರೆಯವರ ಕಷ್ಟದಿಂದ ನನಗೆ ನೆಮ್ಮದಿ ಬರಬೇಕಾ?

ನನಗೆ ಹಿಡಿಸಿದ್ದು ಆಯ್ದಕ್ಕಿ ಲಕ್ಕಮ್ಮನ ಕಥೆ. ಹನ್ನೆರಡನೇ ಶತಮಾನದ ಶರಣೆ, ನಮ್ಮ ಪಕ್ಕದ ಲಿಂಗಸೂಗೂರು ಕಡೆಯವಳು. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಅದರಲ್ಲೇ ಅಡುಗೆ, ಅದರಲ್ಲೇ ದಾಸೋಹ. ಒಂದು ದಿನ ದಿನದ ಅಳತೆಗಿಂತ ಜಾಸ್ತಿ ತಂದ. ಬಸವಣ್ಣನವರೇ ಬೇಕಂತ ಜಾಸ್ತಿ ಚೆಲ್ಲಿಸಿದ್ದರು ಅಂತಲೂ ಹೇಳ್ತಾರೆ. ಲಕ್ಕಮ್ಮ "ಈಸಕ್ಕಿಯಾಸೆ ನಿಮಗೇಕೆ" ಅಂದಳು, ಇಷ್ಟು ಅಕ್ಕಿಯ ಆಸೆ ನಿಮಗ್ಯಾಕೆ ಅಂತ. ಇದು ನಮ್ಮ ಅಮರೇಶ್ವರಲಿಂಗಕ್ಕೆ ದೂರ, ಹೋಗಿ ಅಲ್ಲೇ ಚೆಲ್ಲಿ ಬನ್ನಿ ಅಂತ ವಾಪಸ್ ಕಳಿಸಿದಳು.

ನಮ್ಮ ಮಿಲ್ಲಿನಲ್ಲೂ ಲಾರಿ ಲೋಡ್ ಆದ ಮೇಲೆ ಇಬ್ಬರು ಹೆಣ್ಣುಮಕ್ಕಳು ಅಂಗಳ ಗುಡಿಸುತ್ತಾರೆ. ಬಿದ್ದ ಅಕ್ಕಿಯನ್ನು ಮೊರದಲ್ಲಿ ಕೇರಿ ಮಣ್ಣು ಬೇರೆ ಮಾಡುತ್ತಾರೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾನು ಸುಮ್ನೆ ಕೂತು ಕೈಯಲ್ಲಿ ಆಯ್ದು ನೋಡಿದೆ. ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಕಾಳು ಉಗುರಿಗೂ ಬರಲ್ಲ. ಹತ್ತು ನಿಮಿಷಕ್ಕೆ ಒಂದು ಹಿಡಿ ತುಂಬಲಿಲ್ಲ, ಸೊಂಟ ಹಿಡಿದುಕೊಂಡಿತು. ಇಷ್ಟು ಕಷ್ಟದಲ್ಲಿ ಆಯುವವರಿಗೆ ಒಂದು ದಿನ ಪುಕ್ಕಟೆ ಜಾಸ್ತಿ ಸಿಕ್ಕಿದೆ. ಯಾರೂ ಕೇಳೋರಿಲ್ಲ. ಅದನ್ನ ವಾಪಸ್ ಕಳಿಸಿದಳಲ್ಲ! ಮಹಾಮನೆಯಲ್ಲಿ ರಾಶಿ ಅಕ್ಕಿ ಇದೆ, ನಮಗ್ಯಾಕಿಲ್ಲ ಅಂತ ಅವಳು ಕೇಳಲಿಲ್ಲ. ನಮಗಿಂತ ಬಡವರಿದ್ದಾರೆ ಅಂತಲೂ ಸಮಾಧಾನ ಮಾಡಿಕೊಳ್ಳಲಿಲ್ಲ. ಲಿಂಗಕ್ಕೆ ಎಷ್ಟು ಬೇಕು ಅನ್ನೋದು ಅವಳಿಗೆ ಗೊತ್ತಿತ್ತು. ಅಳತೆ ಅವಳ ಹತ್ತಿರವೇ ಇತ್ತು. ನನ್ನ ಅಳತೆ ಚಿಕ್ಕಪ್ಪನ ಮಗನ ಹಾಲ್‌ನಲ್ಲಿತ್ತು.

ಹಾಗಂತ ಲಕ್ಕಮ್ಮ ಬಾಯಿಲ್ಲದವಳಲ್ಲ. ಮಾರಯ್ಯ ಅನುಭಾವದ ಮಾತಲ್ಲಿ ಮೈಮರೆತರೆ, ಕಾಯಕ ನಿಂತಿದೆ ಹೋಗು ಅಂತ ಎಬ್ಬಿಸಿದವಳು. ಅವಳ ಕಥೆ ಹೇಳಿ ಕೂಲಿಯವರ ಬಾಯಿ ಮುಚ್ಚಿಸುವವರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ. ದುಡಿದಿದ್ದಕ್ಕೆ ಸರಿಯಾದ ಸಂಬಳ ಕೇಳೋದು ಹೊಟ್ಟೆಕಿಚ್ಚಲ್ಲ. ನಾನೂ ಕೇಳಿದೆ. ಕೇಳಿದ್ದರಲ್ಲಿ ಅರ್ಧ ಸಿಕ್ಕಿತು.

ನಾನು ಮಾಡಿದ್ದು ಎರಡೇ ಕೆಲಸ. ಒಂದು, ಹೆಂಡತಿ ಜೊತೆ ಕೂತು ನಮಗೆ ಈ ವರ್ಷ ಏನೇನು ಬೇಕು ಅಂತ ಬರೆದೆ. ಮಗಳ ಫೀಸು, ಅವ್ವನ ಕಣ್ಣಿನ ಆಪರೇಷನ್, ಆ ಹಾಳು ನಲ್ಲಿ. ಗ್ರಾನೈಟ್ ಬರಲೇ ಇಲ್ಲ. "ಏನ್ರೀ, ಆ ಅಡಿಗಿಮನಿ ಮಾತ್ರ ಛಲೋ ಇತ್ತು ನೋಡ್ರಿ" ಅಂದಳು. ಅವಳೇನು ಲಕ್ಕಮ್ಮನಲ್ಲ, ನಾನೂ ಮಾರಯ್ಯನಲ್ಲ. ಇಬ್ಬರೂ ನಕ್ಕೆವು.

ಇನ್ನೊಂದು, ಬೆಳಿಗ್ಗೆ ಪೂಜೆಗೆ ಕೂತಾಗ ತಮ್ಮನ ಹೆಸರು ಹೇಳಿ, ಅವನ ಮನೆ ಚೆನ್ನಾಗಿರಲಿ ಅಂತೀನಿ. ಮೊದಮೊದಲು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೆ, ಅಪ್ಪಟ ಸುಳ್ಳು. ದೇವರಿಗೆ ಗೊತ್ತಾಗದೇ ಇರುತ್ತಾ? ಆದರೂ ಬಿಡಲಿಲ್ಲ. ಯಾವತ್ತಿಂದ ನಿಜವಾಯಿತೋ ನೆನಪಿಲ್ಲ. ಪೂಜೆ ಆದ ಮೇಲೆ ಎರಡು ನಿಮಿಷ ಏನೂ ಕೇಳದೆ ಕೂರೋಕೆ ಈಗ ಆಗುತ್ತೆ. ನೀವು ಕೇಳಿದ ತೃಪ್ತಿ ಅದೇನಾ ಅಂದರೆ, ಹೌದು, ನನಗೆ ಸಿಕ್ಕಿದ್ದು ಅಷ್ಟು. ದಿನವಿಡೀ ಇರಲ್ಲ.

ಹೋದ ತಿಂಗಳು ಅವನ ಮನೆಗೆ ಹೋಗಿದ್ದೆ. ಮೇಲೂ ಹತ್ತಿ ನೋಡಿದೆ, ಗಾಳಿ ಚೆನ್ನಾಗಿ ಬರುತ್ತೆ. ಕೆಳಗೆ ಹೊಸ ಸೋಫಾ ಬಂದಿತ್ತು. ಎಷ್ಟು ಕೊಟ್ಟೆ ಅಂತ ನಾಲಿಗೆ ತುದಿಗೆ ಬಂದಿತ್ತು. ಚಹಾ ಕುಡಿದು ಬಂದೆ.