ಸಂಪಾದಕರ ಉತ್ತರ: ನಮ್ಮೂರಲ್ಲಿ ಡೈನೋಸಾರ್ ಇರ್ಲಿಲ್ವಾ?

ದಾವಣಗೆರೆಯಿಂದ ತಾಯಿಯೊಬ್ಬರು ಬರೆದಿದ್ದಾರೆ: “ನನ್ನ ಮಗನಿಗೆ ಆರು ವರ್ಷ. ಡೈನೋಸಾರ್ ಅಂದರೆ ಹುಚ್ಚು. ಮೊಬೈಲ್ ನೋಡಿ ಕಲಿತ ಹೆಸರುಗಳನ್ನು ಪಟಪಟ ಹೇಳುತ್ತಾನೆ. ಮೊನ್ನೆ ‘ನಮ್ಮೂರಲ್ಲಿ ಡೈನೋಸಾರ್ ಇರ್ಲಿಲ್ವಾ?’ ಅಂತ ಕೇಳಿದ. ನಾನು ಓದಿದ್ದು ಕಾಮರ್ಸ್, ಅವರಪ್ಪನದು ಬಟ್ಟೆ ಅಂಗಡಿ. ಏನು ಹೇಳಬೇಕೋ ತಿಳಿಯಲಿಲ್ಲ. ರಜೆಯಲ್ಲಿ ಎಲ್ಲಾದರೂ ಕರೆದುಕೊಂಡು ಹೋಗಿ ತೋರಿಸೋಣ ಅಂದರೆ ಅತ್ತೆ ಬೇಡ ಅನ್ನುತ್ತಾರೆ. ಸತ್ತ ಪ್ರಾಣಿಯ ಮೂಳೆ ನೋಡಿ ಮಗು ಹೆದರುತ್ತೆ ಅಂತ ಅವರ ಚಿಂತೆ. ಈಗಲೇ ಅವನು ರಾತ್ರಿ ಮಲಗುವಾಗ ‘ನಾವೂ ಹಂಗೇ ಸತ್ತೋಗ್ತೀವಾ?’ ಅಂತಾನೆ. ಇಷ್ಟು ಚಿಕ್ಕ ವಯಸ್ಸಿಗೆ ಇದೆಲ್ಲ ಬೇಕಾ?”

ನಮಸ್ಕಾರ. ಬೇಕು. ಖಂಡಿತ ಕರೆದುಕೊಂಡು ಹೋಗಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಎಲ್ಲಿಗೆ ಹೋಗುವುದು, ಹೋಗಿ ಏನು ನೋಡುವುದು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದಕ್ಕೇ ಈ ಉತ್ತರ ಉದ್ದವಾಗಿದೆ.

ಮೊದಲು ಮಗನ ಪ್ರಶ್ನೆಗೆ ಬರೋಣ. ಅದಕ್ಕೆ ಉತ್ತರ ಹೀಗಿದೆ: ಡೈನೋಸಾರ್ ಇಲ್ಲಿ ಓಡಾಡಿರಬಹುದು, ಆದರೆ ನಿಮ್ಮೂರ ಕಲ್ಲಿನಲ್ಲಿ ಅದರ ಗುರುತು ಸಿಗುವುದಿಲ್ಲ. ದಾವಣಗೆರೆ, ಚಿತ್ರದುರ್ಗದ ಸುತ್ತಲಿನ ಬಂಡೆಗಳು ಸುಮಾರು 250 ಕೋಟಿ ವರ್ಷ, ಅದಕ್ಕೂ ಹಳೆಯವು. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಆ ಬಂಡೆಗಳು ಹುಟ್ಟಿದಾಗ ಡೈನೋಸಾರ್ ಇರಲಿ, ಭೂಮಿಯ ಮೇಲೆ ಒಂದು ಗರಿಕೆ ಹುಲ್ಲೂ ಇರಲಿಲ್ಲ. ಇನ್ನು ಮೂಳೆ ಉಳಿಯುವುದು ಸುಲಭವೂ ಅಲ್ಲ. ಪ್ರಾಣಿ ಸತ್ತ ಮೇಲೆ ನರಿ ನಾಯಿ ಎಳೆದುಕೊಂಡು ಹೋಗುವ ಮೊದಲೇ ಕೆಸರೋ ಮರಳೋ ಅದನ್ನು ಮುಚ್ಚಬೇಕು. ಆ ಕೆಸರು ಪದರ ಪದರವಾಗಿ ಕೂತು ಕಲ್ಲಾಗಬೇಕು. ಆಮೇಲೆ ಕೋಟ್ಯಂತರ ವರ್ಷ ಮಳೆಗೆ ಕೊಚ್ಚಿಹೋಗದೆ ಉಳಿಯಬೇಕು. ನಮ್ಮ ರಾಜ್ಯದ ಬಹುಪಾಲು ನೆಲದಲ್ಲಿ ಡೈನೋಸಾರ್ ಕಾಲದ ಅಂಥ ಪದರಗಳೇ ಇಲ್ಲ.

ಇದನ್ನು ಮಗುವಿಗೆ ಇದ್ದ ಹಾಗೇ ಹೇಳಿ. ಇಲ್ಲ ಅಂದರೆ ಬೇಜಾರಾಗುತ್ತಾನೆ ಅಂದುಕೊಂಡು ‘ಇತ್ತು ಕಂದಾ, ನಮ್ಮ ಕೆರೆ ಹತ್ರಾನೇ ಇತ್ತು’ ಅಂತ ಕಥೆ ಕಟ್ಟಬೇಡಿ. ಯಾಕೆ ಇಲ್ಲ ಅನ್ನುವುದು ಅದಕ್ಕಿಂತ ಚೆನ್ನಾಗಿರುವ ಕಥೆ.

ಕೋಟಿ ಅನ್ನುವ ಲೆಕ್ಕ ಆರು ವರ್ಷದ ಮಗುವಿಗೆ ತಲೆಗೆ ಹತ್ತುವುದಿಲ್ಲ. ನಮಗೂ ಹತ್ತುವುದಿಲ್ಲ, ಅಲ್ವಾ? ಅದಕ್ಕೆ ನಡೆಸಿ ತೋರಿಸಬೇಕು. ಸಂಜೆ ಎಲ್ಲರೂ ಮನೆ ಬಾಗಿಲಲ್ಲಿ ನಿಲ್ಲಿ. ಒಂದು ಹೆಜ್ಜೆಗೆ 10 ಲಕ್ಷ ವರ್ಷ ಅಂತ ಇಟ್ಟುಕೊಂಡು ಹಿಂದಿನ ಕಾಲಕ್ಕೆ ನಡೆಯಿರಿ. ನಮ್ಮಂಥ ಮನುಷ್ಯರು ಬಂದು ಸುಮಾರು 3 ಲಕ್ಷ ವರ್ಷವಾಯಿತು. ಅಂದರೆ ಮೊದಲ ಹೆಜ್ಜೆ ಪೂರ್ತಿ ಊರುವ ಮೊದಲೇ ಮನುಷ್ಯರ ಕಥೆ ಮುಗಿಯಿತು. 66ನೇ ಹೆಜ್ಜೆಗೆ ಕೊನೆಯ ಡೈನೋಸಾರ್‌ಗಳು ಸಿಗುತ್ತವೆ. ಮಾಂಸ ತಿನ್ನುವ ದೈತ್ಯ ಟಿ. ರೆಕ್ಸ್ ಅಲ್ಲೇ ಇದೆ. ಬೆನ್ನ ಮೇಲೆ ಹಲಗೆ ಹೊತ್ತ ಸ್ಟೆಗೊಸಾರಸ್ ಬೇಕಾದರೆ ಸುಮಾರು 150ನೇ ಹೆಜ್ಜೆಯವರೆಗೆ ಹೋಗಬೇಕು. ಇಲ್ಲಿ ಸ್ವಲ್ಪ ನಿಂತು ಹಿಂದಿರುಗಿ ನೋಡಲು ಹೇಳಿ. ಸ್ಟೆಗೊಸಾರಸ್‌ನಿಂದ ಟಿ. ರೆಕ್ಸ್‌ಗೆ ಇರುವ ದೂರವೇ ಟಿ. ರೆಕ್ಸ್‌ನಿಂದ ನಮ್ಮ ಮನೆ ಬಾಗಿಲಿಗೆ ಇರುವ ದೂರಕ್ಕಿಂತ ಜಾಸ್ತಿ! ಕಾರ್ಟೂನಿನಲ್ಲಿ ಎರಡೂ ಜಗಳವಾಡುವುದನ್ನು ನೋಡಿದ ಮಗುವಿಗೆ ಇದು ದೊಡ್ಡ ಸುದ್ದಿ. 230ನೇ ಹೆಜ್ಜೆಗೆ ಮೊದಮೊದಲ ಡೈನೋಸಾರ್‌ಗಳು. ನಿಮ್ಮೂರ ಬಂಡೆ ಹುಟ್ಟಿದ ಕಾಲಕ್ಕೆ ಹೋಗಬೇಕಾದರೆ 2500 ಹೆಜ್ಜೆ ನಡೆಯಬೇಕು. ಮಗುವಿನ ಪುಟ್ಟ ಹೆಜ್ಜೆಯಲ್ಲೂ ಅದು ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಅಲ್ಲೆಲ್ಲಾದರೂ ಬೇಕರಿ ಇದ್ದರೆ ಇನ್ನೂ ಒಳ್ಳೆಯದು.

ಈಗ ಮೂಳೆಯ ವಿಷಯ. ನಿಮಗೆ ಅನುಕೂಲವಾದ ಜಾಗ ಹೈದರಾಬಾದ್. ಅಲ್ಲಿನ ಬಿ.ಎಂ. ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿ ಕೋಟಾಸಾರಸ್ ಅನ್ನುವ ಡೈನೋಸಾರ್‌ನ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಉದ್ದ ಕತ್ತು, ಉದ್ದ ಬಾಲದ, ಸೊಪ್ಪು ತಿನ್ನುವ ಪ್ರಾಣಿ. ಸುಮಾರು 18 ಕೋಟಿ ವರ್ಷ ಹಳೆಯದು. ಹೊರದೇಶದಿಂದ ತಂದದ್ದಲ್ಲ. ಹಳೆಯ ಅದಿಲಾಬಾದ್ ಜಿಲ್ಲೆಯ ಯಾಮನಪಲ್ಲಿ ಅನ್ನುವ ಹಳ್ಳಿಯ ಹತ್ತಿರ ಸಿಕ್ಕಿದ್ದು. ಇದಕ್ಕೆ 1988ರಲ್ಲಿ ಹೆಸರಿಟ್ಟವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪಿ. ಯಾದಗಿರಿ.

ಅಲ್ಲಿಗೆ ಹೋದಾಗ ಮಗನ ಕೈಯಲ್ಲಿ ಹೆಸರು ಹೇಳಿಸಿ, ಫೋಟೋ ತೆಗೆದು ಹೊರಗೆ ಬರಬೇಡಿ. ಕೆಳಗೆ ಕೂತು ನಿಧಾನವಾಗಿ ನೋಡಿ. ಯಾಮನಪಲ್ಲಿಯಲ್ಲಿ 840 ಮೂಳೆಗಳು ಸಿಕ್ಕವು. ಅವು ಒಂದೇ ಪ್ರಾಣಿಯವಲ್ಲ, ಕಡಿಮೆಯೆಂದರೂ 12 ಪ್ರಾಣಿಗಳವು, ಎಲ್ಲ ಕಲಸುಮೇಲೋಗರ. ಅದರಲ್ಲಿ ತಲೆಬುರುಡೆ ಇರಲಿಲ್ಲ, ಒಂದೆರಡು ಹಲ್ಲು ಮಾತ್ರ ಇದ್ದವು. ಹಾಗಾದರೆ ಯಾವ ಮೂಳೆ ಎಲ್ಲಿಗೆ ಅಂತ ಹೇಗೆ ಗೊತ್ತಾಯಿತು? ತಲೆಯೇ ಸಿಗದೆ ಅಲ್ಲೊಂದು ತಲೆ ಹೇಗೆ ಕೂರಿಸಿದರು? ಈ ಪ್ರಶ್ನೆಗಳನ್ನು ಮಗುವಿಗೆ ಕೇಳಿ. ಅವನೇ ಏನೋ ಒಂದು ಹೇಳುತ್ತಾನೆ. ಎಡಗಾಲು ಬಲಗಾಲು ಹೋಲಿಸುತ್ತಾನೆ, ಹಸುವಿನ ಕಾಲು ನೆನಪಿಸಿಕೊಳ್ಳುತ್ತಾನೆ. ವಿಜ್ಞಾನಿಗಳೂ ಹಾಗೇ, ಗೊತ್ತಿರುವ ಪ್ರಾಣಿಗಳ ಮೂಳೆಗೆ ಹೋಲಿಸಿ ನೋಡುತ್ತಾರೆ. ನೀವು ಕಾಮರ್ಸ್ ಓದಿದ್ದು ಇಲ್ಲಿ ಅಡ್ಡಿಯೇ ಅಲ್ಲ. ‘ಹೇಗೆ ಗೊತ್ತಾಯ್ತು?’ ಅಂತ ಕೇಳುತ್ತಾ ಇರುವುದಷ್ಟೇ ನಿಮ್ಮ ಕೆಲಸ. ಮೂವತ್ತು ಹೆಸರು ಬಾಯಿಪಾಠ ಮಾಡಿದ ಮಗುವಿಗಿಂತ ಈ ಒಂದು ಪ್ರಶ್ನೆ ಅಭ್ಯಾಸವಾದ ಮಗು ಹೆಚ್ಚು ಕಲಿಯುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಇದಕ್ಕೆ ನಮ್ಮ ದೇಶದ್ದೇ ಒಂದು ಕಥೆಯಿದೆ. ಬಸ್ಸಿನಲ್ಲಿ ಹೇಳುತ್ತಾ ಹೋಗಬಹುದು. ಗುಜರಾತಿನಲ್ಲಿ ಧೋಲಿ ಡುಂಗ್ರಿ ಅಂತ ಒಂದು ಹಳ್ಳಿ. 1980ರ ದಶಕದಲ್ಲಿ ಅಲ್ಲಿ ಧನಂಜಯ ಮೊಹಬೆ ಅನ್ನುವ ಭೂವಿಜ್ಞಾನಿಗೆ ಡೈನೋಸಾರ್ ಮೊಟ್ಟೆಗಳ ಗೂಡು ಸಿಕ್ಕಿತು. ಮೊಟ್ಟೆಗಳ ಪಕ್ಕದಲ್ಲಿ ಪುಟ್ಟ ಪುಟ್ಟ ಮೂಳೆಗಳು. ಎಲ್ಲ ಮರಿಯದೇ ಅಂತ ತಿಳಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಇತ್ತು. 2001ರಲ್ಲಿ ಜೆಫ್ರಿ ವಿಲ್ಸನ್ ಅನ್ನುವ ಇನ್ನೊಬ್ಬ ವಿಜ್ಞಾನಿ ಅದೇ ಕಲ್ಲನ್ನು ನೋಡುವಾಗ ಬೆನ್ನುಮೂಳೆಯ ತುಂಡುಗಳ ಮೇಲೆ ಕಣ್ಣು ನಿಂತಿತು. ಅವು ಒಂದಕ್ಕೊಂದು ಕೂಡುವ ರೀತಿ ಡೈನೋಸಾರ್‌ನದಲ್ಲ, ಹಾವಿನದು! ಒಡೆದ ಮೊಟ್ಟೆಯ ಸುತ್ತ ಒಂದು ಹಾವು ಸುರುಳಿ ಸುತ್ತಿಕೊಂಡು ಕೂತಿತ್ತು. ಪಕ್ಕದಲ್ಲೇ ಆಗಷ್ಟೇ ಹೊರಬಂದ ಮರಿ. ಅಷ್ಟರಲ್ಲಿ ಮಣ್ಣು ಕುಸಿದು ಹಾವು, ಮರಿ, ಮೊಟ್ಟೆ ಎಲ್ಲ ಒಟ್ಟಿಗೆ ಮುಚ್ಚಿಹೋಗಿದೆ. ಹಾವು ಸುಮಾರು ಮೂರೂವರೆ ಮೀಟರ್, ಮರಿ ಅರ್ಧ ಮೀಟರ್. ಈಗಿನ ಹೆಬ್ಬಾವಿನಷ್ಟು ಅಗಲವಾಗಿ ಬಾಯಿ ತೆರೆಯಲು ಆ ಹಾವಿಗೆ ಆಗುತ್ತಿರಲಿಲ್ಲ. ಮೊಟ್ಟೆ ನುಂಗಲು ಆಗದ್ದಕ್ಕೆ ಮರಿ ಹೊರಗೆ ಬರಲಿ ಅಂತ ಕಾದಿರಬೇಕು. 2010ರಲ್ಲಿ ಆ ಹಾವಿಗೆ ಸನಾಜೆ ಇಂಡಿಕಸ್ ಅಂತ ಹೆಸರಿಟ್ಟರು.

ಕಲ್ಲು ಅದೇ, ಹಾವೂ ಅಲ್ಲೇ ಇತ್ತು. ಮತ್ತೊಮ್ಮೆ ನೋಡಿದವರಿಗೆ ಕಂಡಿತು. ‘ಆಮೇಲೆ ಮರಿ ತಪ್ಪಿಸಿಕೊಳ್ತಾ?’ ಅಂತ ನಿಮ್ಮ ಮಗ ಕೇಳಿಯೇ ಕೇಳುತ್ತಾನೆ. ಇಲ್ಲ ಅಂತಲೇ ಹೇಳಿ. ಬೇರೆ ಮೊಟ್ಟೆಗಳಿಂದ ಬೇಕಾದಷ್ಟು ಮರಿಗಳು ಬದುಕಿ ದೊಡ್ಡದಾದವು ಅಂತಲೂ ಹೇಳಿ. ಅದೂ ನಿಜವೇ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳು, 256 ಮೊಟ್ಟೆಗಳು ಸಿಕ್ಕಿವೆ ಅಂತ 2023ರಲ್ಲಿ ಪ್ರಕಟವಾಯಿತು. ಆ ಗೂಡುಗಳಿರುವ ನರ್ಮದಾ ಕಣಿವೆ ಅಂದರೆ ಡೈನೋಸಾರ್‌ಗಳ ಬಾಣಂತಿಮನೆ.

ದೂರದ ಪ್ರಯಾಣ ಈ ವರ್ಷ ಆಗದಿದ್ದರೆ ಹತ್ತಿರವೇ ಬೇಕಾದಷ್ಟಿದೆ. ಚಿತ್ರದುರ್ಗದ ಬಳಿ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಕಾಣುವ ಲಾವಾ ಬಂಡೆಗಳಿವೆ. ಲಾವಾ ಅಂದರೆ ಭೂಮಿಯೊಳಗಿಂದ ಉಕ್ಕುವ ಕರಗಿದ ಕಲ್ಲು. ನೀರಿನೊಳಗೆ ಲಾವಾ ಉಕ್ಕಿದರೆ ಮಾತ್ರ ಆ ಆಕಾರ ಬರುವುದು. ಅಂದರೆ ಮಳೆಗಾಗಿ ಕಾಯುವ ಆ ಒಣ ನೆಲ ಒಂದು ಕಾಲಕ್ಕೆ ನೀರಿನಡಿಯಲ್ಲಿತ್ತು! ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಸಾಲಾಗಿ ನಿಂತ ಕಲ್ಲಿನ ಕಂಬಗಳು. ಮಗ ಒಂದೊಂದರ ಮುಖ ಎಣಿಸಲಿ. ಕೆಲವಕ್ಕೆ ಐದು, ಕೆಲವಕ್ಕೆ ಆರು, ಕೆಲವಕ್ಕೆ ಏಳು. ಬಿಸಿ ಲಾವಾ ಆರುತ್ತಾ ಕುಗ್ಗಿ ಬಿರುಕು ಬಿಟ್ಟಾಗ ಆದದ್ದು. ಆ ಕಲ್ಲಿಗೆ ಸುಮಾರು 8.8 ಕೋಟಿ ವರ್ಷ. ಆಗ ಈಗಿನ ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪ ನಮ್ಮಿಂದ ಬೇರೆಯಾಗುತ್ತಿತ್ತು, ಡೈನೋಸಾರ್‌ಗಳು ಜೀವಂತವಾಗಿದ್ದವು. ಗುಜರಾತಿನ ರೈಯೋಲಿಯಲ್ಲಿ ಸಿಕ್ಕ ನಮ್ಮ ಡೈನೋಸಾರ್ ರಾಜಾಸಾರಸ್‌ಗೆ ಮಡಗಾಸ್ಕರ್‌ನಲ್ಲಿ ಒಬ್ಬ ದಾಯಾದಿ ಇದ್ದಾನೆ, ಮಜುಂಗಾಸಾರಸ್ ಅಂತ. ಎರಡು ನೆಲವೂ ಒಂದಾಗಿದ್ದವು ಅನ್ನುವುದಕ್ಕೆ ಆ ನಂಟೂ ಒಂದು ಸುಳಿವು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ವಿಚಾರಿಸಿ ಹೋಗಿ.

ಇನ್ನು ಡೈನೋಸಾರ್‌ಗಳು ಹೋದದ್ದು ಹೇಗೆ ಅನ್ನುವುದಕ್ಕೆ ವಿಜಯಪುರಕ್ಕೆ ಹೋಗಿ. ಗೋಲಗುಮ್ಮಟದಲ್ಲಿ ಎಲ್ಲರೂ ಮೇಲೆ ಹತ್ತಿ ಕೂಗಿ ಬರುತ್ತಾರೆ. ನೀವು ಕೆಳಗೆ ಗೋಡೆಯ ಕಪ್ಪು ಕಲ್ಲನ್ನು ಮಗನ ಕೈಯಲ್ಲಿ ಮುಟ್ಟಿಸಿ. ಅದು ಲಾವಾ ಆರಿ ಆದ ಕಲ್ಲು. ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದವರೆಗೆ ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿರುವ ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕೊನೆಗಾಲದಲ್ಲಿ, ಅಲೆ ಅಲೆಯಾಗಿ ಉಕ್ಕಿದ್ದು. ಅದೇ ಕಾಲಕ್ಕೆ ಈಗಿನ ಮೆಕ್ಸಿಕೋದ ಕರಾವಳಿಗೆ 10 ಕಿಲೋಮೀಟರಿಗೂ ದೊಡ್ಡದಾದ ಆಕಾಶದ ಬಂಡೆಯೊಂದು ಬಂದು ಅಪ್ಪಳಿಸಿತು. ದೂಳು, ಹೊಗೆ ಸೂರ್ಯನನ್ನು ಮುಚ್ಚಿದವು. ಗಿಡ ಸತ್ತವು. ಗಿಡ ತಿನ್ನುವವು, ಅವನ್ನು ತಿನ್ನುವವು ಒಂದರ ಹಿಂದೆ ಒಂದು ಹೋದವು. ದೊಡ್ಡ ಪೆಟ್ಟು ಆ ಬಂಡೆಯದು ಅಂತ ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ನಮ್ಮ ಲಾವಾದ ಪಾಲೆಷ್ಟು ಅನ್ನುವುದರ ಬಗ್ಗೆ ಇನ್ನೂ ಚರ್ಚೆ ನಡೆಯುತ್ತಿದೆ.

ಇಲ್ಲೇ ಅವನ ರಾತ್ರಿಯ ಪ್ರಶ್ನೆ ಬರುವುದು. ದಯವಿಟ್ಟು ‘ಸುಮ್ನೆ ಮಲ್ಕೋ’ ಅನ್ನಬೇಡಿ. ಕತ್ತಲಲ್ಲಿ ಒಬ್ಬನೇ ಯೋಚಿಸಿದರೆ ಭಯ ಜಾಸ್ತಿಯಾಗುತ್ತದೆ. ಎರಡು ಮಾತು ಹೇಳಿ, ಎರಡೂ ನಿಜ. ಆಕಾಶವನ್ನು ಕಾಯುವ ವಿಜ್ಞಾನಿಗಳಿದ್ದಾರೆ, ಅಂಥ ದೊಡ್ಡ ಬಂಡೆ ಯಾವುದೂ ಈಗ ನಮ್ಮ ಕಡೆ ಬರುತ್ತಿಲ್ಲ ಅಂತ ಅವರು ಲೆಕ್ಕ ಹಾಕಿದ್ದಾರೆ. ಆವತ್ತೂ ಎಲ್ಲರೂ ಸಾಯಲಿಲ್ಲ. ಕಪ್ಪೆ, ಆಮೆ, ಮೊಸಳೆ, ಹಾವು, ಇಲಿಯಷ್ಟು ಸಣ್ಣ ಪ್ರಾಣಿಗಳು ಉಳಿದವು. ಆ ಸಣ್ಣ ಪ್ರಾಣಿಗಳ ವಂಶದಲ್ಲೇ ನಾವು ಬಂದದ್ದು. ಡೈನೋಸಾರ್‌ಗಳಲ್ಲೂ ಒಂದು ಪಂಗಡ ಉಳಿಯಿತು. ಅವೇ ಹಕ್ಕಿಗಳು.

ಇದನ್ನು ನಂಬಿಸಲು ಮ್ಯೂಸಿಯಂ ಬೇಡ, ಒಂದು ನಾಟಿ ಕೋಳಿ ಸಾಕು. ಪರಿಚಯದವರ ಹಿತ್ತಲಲ್ಲಿ ಕೋಳಿ ಇದ್ದರೆ ಮಗನನ್ನು ಹತ್ತಿರ ಕೂರಿಸಿ ಕಾಲು ನೋಡಲು ಹೇಳಿ. ಮುಂದೆ ಮೂರು ಬೆರಳು, ಚೂಪು ಉಗುರು, ಮೇಲೆಲ್ಲ ಹಲ್ಲಿಗೆ, ಓತಿಕ್ಯಾತಕ್ಕೆ ಇರುವಂಥ ಹುರುಪೆ. ಅದು ಕಾಲು ಎತ್ತುವಾಗ ಬೆರಳು ಮಡಚಿಕೊಂಡು, ಊರುವಾಗ ಬಿಚ್ಚುತ್ತದೆ. ಕೆಸರಲ್ಲಿ ನಡೆದರೆ ಬೀಳುವ ಮೂರು ಬೆರಳಿನ ಗುರುತು, ಅಳತೆ ಬಿಟ್ಟರೆ, ಮಾಂಸ ತಿನ್ನುವ ಡೈನೋಸಾರ್‌ನ ಹೆಜ್ಜೆಯದೇ ರೂಪ. ಆ ಗುರುತಿನ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಸುರಿದು ಒಣಗಿಸಿ. ಅಚ್ಚು ಎದ್ದು ಬರುತ್ತದೆ. ಕೆಸರಿನ ಹೆಜ್ಜೆ ಕಲ್ಲಾಗುವುದು ಅಂದರೇನು ಅಂತ ಅದಕ್ಕಿಂತ ಚೆನ್ನಾಗಿ ನಾನು ಬರೆದು ತಿಳಿಸಲಾರೆ. ನೀವು ಮಾಂಸಾಹಾರಿಗಳಾದರೆ ಕೋಳಿಯ ಎದೆಯ ಮುಂದಿನ ಕವೆಯಂಥ ಮೂಳೆ ತೊಳೆದು ತೋರಿಸಿ. ಟಿ. ರೆಕ್ಸ್‌ಗೂ ಆ ಮೂಳೆ ಇತ್ತು.

ಅತ್ತೆಯವರಿಗೆ ಒಂದು ಮಾತು ಓದಿ ಹೇಳಿ. ಧಾರ್ ಜಿಲ್ಲೆಯ ಕೆಲವು ಮನೆತನಗಳು ಹೊಲದಲ್ಲಿ ಸಿಕ್ಕ ಗುಂಡು ಕಲ್ಲುಗಳನ್ನು ಹೊಲ, ದನಕರು ಕಾಯುವ ಭೈರವ ಅಂತ ಪೂಜಿಸಿಕೊಂಡು ಬಂದಿದ್ದವು. ಅವು ಡೈನೋಸಾರ್ ಮೊಟ್ಟೆಗಳು ಅಂತ ತಜ್ಞರು ಗುರುತಿಸಿದ್ದು 2023ರ ಕೊನೆಯಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಹಾಗೆ ಗೌರವದಿಂದ ಎತ್ತಿಟ್ಟುಕೊಂಡದ್ದಕ್ಕೇ ಅವು ಒಡೆಯದೆ ಉಳಿದವು. ಮೂಳೆ ನೋಡಲು ಹೋಗುವುದು ಹಿರಿಯರ ನಂಬಿಕೆಗೆ ಎದುರಾಗಿ ನಿಲ್ಲುವುದಲ್ಲ. ಇನ್ನೊಂದು ಅನುಕೂಲ: ಹೈದರಾಬಾದಿನ ಆ ಸಂಗ್ರಹಾಲಯದ ಪಕ್ಕದ ಗುಡ್ಡದ ಮೇಲೇ ಬಿರ್ಲಾ ಮಂದಿರವಿದೆ. ಬೆಳಿಗ್ಗೆ ವೆಂಕಟೇಶ್ವರನ ದರ್ಶನ, ಆಮೇಲೆ ಕೋಟಾಸಾರಸ್. ಅಜ್ಜಿ ಪಕ್ಕದಲ್ಲಿದ್ದರೆ ಮೊಮ್ಮಗ ಯಾವ ಮೂಳೆಗೂ ಹೆದರುವುದಿಲ್ಲ.

ಎರಡು ವಿಷಯಕ್ಕೆ ಮಾತ್ರ ಹುಷಾರಾಗಿರಿ. ಎಲ್ಲಿಗೆ ಹೋದರೂ ಬಂಡೆ ಒಡೆದು ಚೂರು ತರಬೇಡಿ, ಯಾರಾದರೂ ಮೊಟ್ಟೆ, ಮೂಳೆ ಅಂತ ಮಾರಲು ಬಂದರೆ ಕೊಳ್ಳಬೇಡಿ. ಇದ್ದ ಜಾಗದಿಂದ ಕಿತ್ತ ಮೇಲೆ ಅದರ ಕಥೆ ಅರ್ಧ ಹೋದ ಹಾಗೆ. ಇನ್ನೊಂದು, ಒಂದೇ ದಿನ ಎಲ್ಲ ತೋರಿಸುವ ಆತುರ ಬೇಡ. ಆರು ವರ್ಷದವನು ಒಂದು ಮೂಳೆಯನ್ನು ಅರ್ಧ ಗಂಟೆ ನೋಡಿ ಅದರ ಚಿತ್ರ ಬಿಡಿಸಿದರೆ ಆ ದಿನಕ್ಕೆ ಅಷ್ಟು ಸಾಕು. ಅವನು ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ ‘ನಂಗೂ ಗೊತ್ತಿಲ್ಲ, ಇಬ್ರೂ ಹುಡುಕೋಣ’ ಅನ್ನಿ.

ಆ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಅವನ ಕೈಯಲ್ಲೇ ಬರೆಸಿ. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ. ಹೈದರಾಬಾದಿನಿಂದ ಬಂದ ಮೇಲೆ ನಮಗೆ ಕಳಿಸಿ. ಬಲ್ಲವರನ್ನು ಕೇಳಿ ಉತ್ತರದ ಸಮೇತ ಅಚ್ಚು ಹಾಕುತ್ತೇವೆ.

– ಸಂ.