ಹಕ್ಕಿ ಫೋಟೋಗೆ ಫುಲ್ ಫ್ರೇಮೇ ಬೇಕಾ?
ಸಂಜೆ ತೆಗೆದ ಮಿಂಚುಳ್ಳಿ ಫೋಟೋ ಚೆನ್ನಾಗಿ ಬಂದಿಲ್ಲ, ಈಗಿನ ನಿಕಾನ್ ಮಾರಿ ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾ ಕೊಳ್ಳಲೇ ಅಂತ ಕೇಳಿದ್ದೀರಿ. ಆ ಹಕ್ಕಿಯ ನೀಲಿ ಗರಿ ಮರಳು ಚೆಲ್ಲಿದ ಹಾಗೆ ಕಾಣೋಕೆ ಕಾರಣ ನಿಮ್ಮ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ) ಸೆನ್ಸರ್‌ಗಿಂತ ಶಟರ್ ಸ್ಪೀಡೇ, ಅಂದರೆ ಸೆನ್ಸರ್ ಮೇಲೆ ಬೆಳಕು ಬೀಳುವ ಸಮಯವೇ ಇರಬೇಕು. ಸುಮ್ನೆ ಕೂತ ಹಕ್ಕಿಗೆ 1/2000 ಸೆಕೆಂಡ್ ವೇಗ ಜಾಸ್ತಿಯಾಯ್ತು. ಮೊದಲು 1/250ಕ್ಕೆ ಇಳಿಸಿ. ಬೆಳಕು ಜಾಸ್ತಿ ಸಿಕ್ಕಿ, ನೀವು ಹೇಳಿದ ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ, ಏರಿದಷ್ಟೂ ಆ ಮರಳು ಜಾಸ್ತಿ) 6400 ಆಗ 800ಕ್ಕೆ ಬರುತ್ತದೆ. ಅಂದರೆ ಮೂರು ಸ್ಟಾಪ್ ಲಾಭ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಫುಲ್ ಫ್ರೇಮ್ ಕೊಡುವುದು ಒಂದು ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಕ್ಯಾಮೆರಾ ಅಲುಗದ ಹಾಗೆ ಮೋನೋಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಮೇಲಿಟ್ಟು ಒಟ್ಟಿಗೆ ಏಳೆಂಟು ಫೋಟೋ ತೆಗೆಯಿರಿ, ಒಂದೆರಡಾದರೂ ಶಾರ್ಪ್ ಸಿಗಬಹುದು. ಹಾರುವ ಹಕ್ಕಿಗೆ ಮಾತ್ರ ಇಷ್ಟು ನಿಧಾನ ಶಟರ್ ನಡೆಯಲ್ಲ. ಅದೇ ನಿಮಗೆ ಮುಖ್ಯವಾದರೆ ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ) ಬದಲಿಸುವ ಯೋಚನೆ ಮಾಡಿ. ಆದರೆ ನಿಮ್ಮ ನಿಕಾನ್‌ನಲ್ಲಿ 300 ಎಂಎಂ ಲೆನ್ಸ್ ಈಗ 450 ಎಂಎಂ ಲೆನ್ಸ್‌ನಷ್ಟು ಹತ್ತಿರ ತೋರಿಸುತ್ತಿದೆ ಅಲ್ವಾ, ಫುಲ್ ಫ್ರೇಮ್‌ನಲ್ಲಿ ಅದು ಸಿಗಲ್ಲ.

ಚಿಕ್ಕ ಸೆನ್ಸರ್ ನಿಂತೇ ಹೋಗುತ್ತದೆ ಅಂತ ಹೆದರಿ ಮಾರಬೇಡಿ. ನಿಕಾನ್ 2024ರಲ್ಲೂ ಹೊಸ ಎಪಿಎಸ್-ಸಿ ಬಾಡಿ ತಂದಿದೆ.